ನಡಿಗೆಯಿಂದ ಓಟಕ್ಕೆ

ಮಕ್ಕಳೇ, ಓಡುವುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಆಟದ ಗಂಟೆ ಬಾರಿಸಿದರೆ ಮೈದಾನಕ್ಕೆ ಓಡುತ್ತೀರಿ. ಖೋಖೋ ಆಡುವಾಗ ಓಡುತ್ತೀರಿ. ಮಳೆ ಬಂದರೆ ಮನೆಯ ಕಡೆಗೆ ಓಡುತ್ತೀರಿ. ನಿಮ್ಮ ಅಪ್ಪ, ಅವ್ವ, ಕಾಕಾ, ಮಾಮಾ ಎಲ್ಲರೂ ನಿಮ್ಮ ವಯಸ್ಸಿನಲ್ಲಿ ಹೀಗೆಯೇ ಓಡುತ್ತಿದ್ದರು. ಬೆಳೆದ ಮೇಲೆ ಅವರಿಗೆ ಹೊಲ, ಅಂಗಡಿ, ಕಾರ್ಖಾನೆ, ಮನೆಗೆಲಸ ಎಂದು ನೂರು ಕೆಲಸಗಳು ಬಂದವು. ಓಟ ನಿಂತುಹೋಯಿತು.

ಹಲವು ವರ್ಷಗಳ ನಂತರ ಕೆಲವರಿಗೆ ಮತ್ತೆ ಓಡಬೇಕೆಂಬ ಆಸೆ ಹುಟ್ಟುತ್ತದೆ. ಮೈ ಭಾರವಾಗಿದೆ ಎನಿಸಿರಬಹುದು. ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವುದರಿಂದ ವ್ಯಾಯಾಮ ಮಾಡಿರಿ ಎಂದು ವೈದ್ಯರು ಹೇಳಿರಬಹುದು. ಬೆಳಿಗ್ಗೆ ಮೈದಾನದಲ್ಲಿ ಓಡುವವರನ್ನು ಕಂಡು ಹಳೆಯ ದಿನಗಳು ನೆನಪಾಗಿರಬಹುದು. ಆಸೆಯೇನೋ ಒಳ್ಳೆಯದೇ. ಆದರೆ ಅವರಲ್ಲಿ ಅನೇಕರು ಒಂದು ತಿಂಗಳು ತುಂಬುವುದರೊಳಗೆ ಕುಂಟುತ್ತಾ ಮನೆಗೆ ಬಂದು, ಓಟವನ್ನೇ ಬಿಟ್ಟುಬಿಡುತ್ತಾರೆ. ಹೀಗೇಕೆ ಆಗುತ್ತದೆ? ಇದನ್ನು ತಡೆಯುವುದು ಹೇಗೆ? ತಿಳಿದುಕೊಳ್ಳೋಣ.

ಒಂದೇ ಹೊಲ, ಎರಡು ಬೆಳೆ

ಜಹೀರಾಬಾದು, ನಾರಾಯಣಖೇಡ, ತಾಂಡೂರು ಭಾಗದ ಹೊಲಗಳನ್ನು ನೀವು ನೋಡಿದ್ದೀರಿ. ಇಲ್ಲಿ ತೊಗರಿ ಮುಖ್ಯವಾದ ಬೆಳೆ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಎಂಬ ಮನ್ನಣೆಯೂ ದೊರೆತಿದೆ. ರೈತರು ತೊಗರಿಯ ಸಾಲುಗಳ ನಡುವೆ ಹೆಸರು ಬಿತ್ತುವುದುಂಟು. ಎರಡನ್ನೂ ಮುಂಗಾರು ಮಳೆಗೇ ಬಿತ್ತುತ್ತಾರೆ. ಹೆಸರು ಎರಡು ತಿಂಗಳು ಕಳೆದ ಸ್ವಲ್ಪ ದಿನಗಳಲ್ಲೇ ಕೊಯ್ಲಿಗೆ ಬರುತ್ತದೆ. ತೊಗರಿಗೆ ಐದಾರು ತಿಂಗಳು ಬೇಕು. ಹೆಸರು ಬಲಿಯಿತೆಂದು ತೊಗರಿಯನ್ನೂ ಅಂದೇ ಕೊಯ್ಯುವ ರೈತನಿಲ್ಲ.

ನಮ್ಮ ದೇಹವೂ ಇಂತಹ ಹೊಲವೇ. ಅದರ ಎಲ್ಲ ಭಾಗಗಳೂ ಒಂದೇ ಸಮಯಕ್ಕೆ ಬಲಗೊಳ್ಳುವುದಿಲ್ಲ. ಹೃದಯ, ಶ್ವಾಸಕೋಶ ಮತ್ತು ಮಾಂಸಖಂಡಗಳು ಹೆಸರಿನ ಬೆಳೆಯಂತೆ. ಅವು ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗಿಕೊಳ್ಳುತ್ತವೆ. ಮೂಳೆಗಳು ಮತ್ತು ಸ್ನಾಯುರಜ್ಜುಗಳು ತೊಗರಿಯಂತೆ. ಅವು ಗಟ್ಟಿಯಾಗಲು ತಿಂಗಳುಗಳೇ ಬೇಕು.

ಸ್ನಾಯುರಜ್ಜು ಎಂದರೇನು? ನಿಮ್ಮ ಹಿಮ್ಮಡಿಯ ಮೇಲ್ಭಾಗವನ್ನು ಎರಡು ಬೆರಳುಗಳಿಂದ ಹಿಡಿದು ನೋಡಿರಿ. ಗಟ್ಟಿಯಾದ ಹಗ್ಗದಂತಹ ಭಾಗವೊಂದು ಸಿಗುತ್ತದೆ. ಅದೇ ಸ್ನಾಯುರಜ್ಜು. ಮಾಂಸಖಂಡವನ್ನು ಮೂಳೆಗೆ ಕಟ್ಟಿಹಾಕುವುದು ಅದರ ಕೆಲಸ. ಮಾಂಸಖಂಡಕ್ಕೆ ಹರಿಯುವಷ್ಟು ರಕ್ತ ಅದಕ್ಕೆ ಹರಿಯುವುದಿಲ್ಲ. ಆದ್ದರಿಂದ ಅದು ನಿಧಾನವಾಗಿ ಬಲಗೊಳ್ಳುತ್ತದೆ. ನೋವಾದರೆ ವಾಸಿಯಾಗುವುದೂ ನಿಧಾನ.

ಮೂಳೆಯ ಕಥೆ ಇನ್ನೂ ಸ್ವಾರಸ್ಯವಾಗಿದೆ. ಮೂಳೆ ಕಲ್ಲಿನಂತೆ ಜಡವಸ್ತುವಲ್ಲ. ಅದಕ್ಕೆ ಜೀವವಿದೆ. ಹೊಸ ಭಾರ ಬಿದ್ದಾಗ ಅದು ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಹಳೆಯ ಗೋಡೆಯನ್ನು ದುರಸ್ತಿ ಮಾಡುವವರು ಮೊದಲು ಸಡಿಲವಾದ ಕಲ್ಲುಗಳನ್ನು ತೆಗೆಯುತ್ತಾರೆ, ಆಮೇಲೆ ಹೊಸ ಕಲ್ಲುಗಳನ್ನು ಇಡುತ್ತಾರೆ. ಮೂಳೆಯೂ ಹಾಗೆಯೇ ಮಾಡುತ್ತದೆ. ಮೊದಲು ಹಳೆಯ ಭಾಗ ಕರಗುತ್ತದೆ. ಅನಂತರ ಹೊಸದು ತುಂಬಿಕೊಳ್ಳುತ್ತದೆ. ಈ ಕೆಲಸ ಮುಗಿಯಲು ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಕೆಲಸ ಮುಗಿಯುವ ಮೊದಲೇ ಹೆಚ್ಚು ಭಾರ ಬಿದ್ದರೆ ಮೂಳೆಯಲ್ಲಿ ಕೂದಲೆಳೆಯಂತಹ ಬಿರುಕು ಬರಬಹುದು.

ಪಾದದ ಮೇಲೆ ಬೀಳುವ ಭಾರ

ನಡೆಯುವಾಗ ಒಂದು ಪಾದ ಯಾವಾಗಲೂ ನೆಲದ ಮೇಲಿರುತ್ತದೆ. ಓಡುವಾಗ ಹಾಗಲ್ಲ. ಪ್ರತಿ ಹೆಜ್ಜೆಗೂ ಎರಡೂ ಪಾದಗಳು ಒಂದು ಕ್ಷಣ ಗಾಳಿಯಲ್ಲಿರುತ್ತವೆ. ಮತ್ತೆ ನೆಲಕ್ಕೆ ಬಂದಾಗ ಒಂದೇ ಪಾದದ ಮೇಲೆ ದೇಹದ ತೂಕದ ಎರಡರಿಂದ ಮೂರು ಪಟ್ಟು ಭಾರ ಬೀಳುತ್ತದೆ.

ಒಂದು ಲೆಕ್ಕ ಮಾಡೋಣ. ನಿಮ್ಮ ಕಾಕಾನ ತೂಕ 60 ಕಿಲೋ ಎಂದುಕೊಳ್ಳಿರಿ. ಓಡುವಾಗ ಒಂದು ಪಾದದ ಮೇಲೆ 120 ರಿಂದ 180 ಕಿಲೋ ಭಾರ ಬೀಳುತ್ತದೆ. ಅದು ಒಂದು ಕ್ವಿಂಟಾಲಿಗಿಂತ ಹೆಚ್ಚು! ಒಂದು ನಿಮಿಷಕ್ಕೆ ಸುಮಾರು 160 ಹೆಜ್ಜೆ ಎಂದರೆ, ಹತ್ತು ನಿಮಿಷಕ್ಕೆ 1,600 ಹೆಜ್ಜೆ. ಒಂದೊಂದು ಕಾಲಿಗೆ 800 ಪೆಟ್ಟು. ದಿನವೂ ಓಡುವವರ ಕಾಲು ಇದನ್ನು ಸುಲಭವಾಗಿ ತಾಳುತ್ತದೆ. ಹತ್ತು ವರ್ಷ ಓಡದವರ ಕಾಲು ಮೊದಲ ದಿನವೇ ಹೇಗೆ ತಾಳೀತು?

ಇನ್ನೊಂದು ತೊಡಕೂ ಇದೆ. ಓಡುವ ಬಗೆಯನ್ನು ಮಿದುಳು ಮರೆಯುವುದಿಲ್ಲ. ಹಳೆಯ ವೇಗ ಅದಕ್ಕೆ ಚೆನ್ನಾಗಿ ನೆನಪಿರುತ್ತದೆ. ಕಾಲಿಗೆ ಮಾತ್ರ ಹಳೆಯ ಬಲ ಇರುವುದಿಲ್ಲ. ಮೂರು ನಾಲ್ಕು ವಾರ ಓಡಿದ ಮೇಲೆ ದಮ್ಮು ಹತ್ತುವುದು ಕಡಿಮೆಯಾಗುತ್ತದೆ. ‘ಈಗ ಎಲ್ಲವೂ ಸರಿಹೋಯಿತು’ ಎಂದು ಉತ್ಸಾಹ ಬರುತ್ತದೆ. ಆಗಲೇ ಜನರು ಓಟವನ್ನು ಒಮ್ಮೆಗೇ ಹೆಚ್ಚಿಸಿ ನೋವು ತಂದುಕೊಳ್ಳುತ್ತಾರೆ. ಹೆಸರು ಬಲಿತಿದೆ, ತೊಗರಿ ಇನ್ನೂ ಎಳೆಯದಾಗಿದೆ ಎಂಬುದನ್ನು ಅವರು ಗಮನಿಸುವುದಿಲ್ಲ.

ಹಂತ ಹಂತವಾಗಿ ಮುಂದೆ ಸಾಗುವುದು

ಹಾಗಾದರೆ ಸರಿಯಾದ ಕ್ರಮ ಯಾವುದು? ಮೊದಲು ನಡಿಗೆ. ಅನಂತರ ನಡಿಗೆಯ ನಡುವೆ ಸ್ವಲ್ಪ ಓಟ. ಕೊನೆಗೆ ಬರೀ ಓಟ. ಒಂದು ಮಾದರಿಯನ್ನು ನೋಡಿರಿ.

1 ಮತ್ತು 2ನೆಯ ವಾರ: 30 ನಿಮಿಷ ಚುರುಕಾದ ನಡಿಗೆ ಮಾತ್ರ.
3 ಮತ್ತು 4ನೆಯ ವಾರ: 1 ನಿಮಿಷ ಓಟ, 3 ನಿಮಿಷ ನಡಿಗೆ. ಹೀಗೆ 6 ಸಲ.
5 ಮತ್ತು 6ನೆಯ ವಾರ: 2 ನಿಮಿಷ ಓಟ, 3 ನಿಮಿಷ ನಡಿಗೆ. ಹೀಗೆ 5 ಸಲ.
7 ಮತ್ತು 8ನೆಯ ವಾರ: 3 ನಿಮಿಷ ಓಟ, 2 ನಿಮಿಷ ನಡಿಗೆ. ಹೀಗೆ 5 ಸಲ.
9 ಮತ್ತು 10ನೆಯ ವಾರ: 5 ನಿಮಿಷ ಓಟ, 2 ನಿಮಿಷ ನಡಿಗೆ. ಹೀಗೆ 4 ಸಲ.
11 ಮತ್ತು 12ನೆಯ ವಾರ: 8 ನಿಮಿಷ ಓಟ, 2 ನಿಮಿಷ ನಡಿಗೆ. ಹೀಗೆ 3 ಸಲ.

ವಾರಕ್ಕೆ ಮೂರು ದಿನ ಓಡಿದರೆ ಸಾಕು. ಸೋಮವಾರ ಓಡಿದವರು ಮಂಗಳವಾರ ಓಡಬಾರದು. ಬಲ ಬರುವುದು ಓಡುವಾಗ ಅಲ್ಲ, ಓಡಿದ ಮೇಲೆ ವಿಶ್ರಾಂತಿ ಪಡೆಯುವಾಗ. ಯಾವುದಾದರೂ ವಾರ ಕಷ್ಟವೆನಿಸಿದರೆ ಮುಂದಿನ ವಾರವೂ ಅದನ್ನೇ ಮಾಡಬೇಕು. ಅದು ಸೋಲಲ್ಲ. ಒಂದೇ ವಾರದಲ್ಲಿ ದೂರವನ್ನೂ ವೇಗವನ್ನೂ ಒಟ್ಟಿಗೆ ಹೆಚ್ಚಿಸಬಾರದು.

ವೇಗ ಎಷ್ಟಿರಬೇಕು? ಅದನ್ನು ತಿಳಿಯಲು ಯಂತ್ರ ಬೇಕಾಗಿಲ್ಲ. ಓಡುತ್ತಲೇ ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತನಾಡಲು ಆಗಬೇಕು. ಒಂದೊಂದು ಪದಕ್ಕೂ ಏದುಸಿರು ಬಂದರೆ ವೇಗ ಹೆಚ್ಚಾಯಿತೆಂದು ತಿಳಿಯಬೇಕು.

ಜಾಗ ಮತ್ತು ಹೊತ್ತು

ಓಡಲು ಎಲ್ಲ ನೆಲವೂ ಒಂದೇ ಅಲ್ಲ. ಜಹೀರಾಬಾದಿನ ಕಡೆ ಕೆಂಪು ಮಣ್ಣಿನ ಮೈದಾನಗಳಿವೆ. ಸಮತಟ್ಟಾದ ಕೆಂಪು ನೆಲ ಓಟಕ್ಕೆ ಒಳ್ಳೆಯದು. ಎರೆಮಣ್ಣು ಮಳೆಗಾಲದಲ್ಲಿ ಕಾಲಿಗೆ ಅಂಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಪಾದ ಸಿಕ್ಕಿದರೆ ಕಾಲು ಉಳುಕುತ್ತದೆ. ತಾಂಡೂರಿನ ಹಾಸುಗಲ್ಲು ಮನೆಯ ನೆಲಕ್ಕೆ ಚೆಂದ, ಓಟಕ್ಕೆ ಅಲ್ಲ. ಅದು ಬಹಳ ಗಟ್ಟಿ, ಒದ್ದೆಯಾದರೆ ಜಾರುತ್ತದೆ. ಹೈದರಾಬಾದಿನಿಂದ ಸೊಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿ ಜಹೀರಾಬಾದಿನ ಮೂಲಕವೇ ಸಾಗುತ್ತದೆ. ಅಲ್ಲಿ ಲಾರಿಗಳ ಓಡಾಟ ಹೆಚ್ಚು. ಹೆದ್ದಾರಿಯ ಅಂಚಿನಲ್ಲಿ ಓಡಬಾರದು.

ನಮ್ಮಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆದುದರಿಂದ ಬೆಳಗಿನ ತಂಪು ಹೊತ್ತಿನಲ್ಲಿ ಓಡುವುದು ಲೇಸು. ಓಡುವ ಮೊದಲು ಮತ್ತು ಓಡಿದ ಮೇಲೆ ನೀರು ಕುಡಿಯಬೇಕು. ಸವೆದ ಚಪ್ಪಲಿಯಲ್ಲಿ ಓಡುವ ಬದಲು ಪಾದಕ್ಕೆ ಸರಿಹೊಂದುವ ಬೂಟು ಹಾಕಿಕೊಳ್ಳಬೇಕು.

ಯಾವಾಗ ನಿಲ್ಲಿಸಬೇಕು?

ಓಡಿದ ಮರುದಿನ ತೊಡೆ, ಮೀನಖಂಡ ಸ್ವಲ್ಪ ನೋಯುವುದು ಸಹಜ. ಎರಡು ದಿನಗಳಲ್ಲಿ ಅದು ಹೋಗುತ್ತದೆ. ಆದರೆ ಒಂದೇ ಜಾಗದಲ್ಲಿ ಚುಚ್ಚುವ ನೋವು ಬಂದರೆ, ಕುಂಟುವಂತಾದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಎದೆ ಬಿಗಿದರೆ, ತಲೆ ಸುತ್ತಿದರೆ ಆ ಕ್ಷಣವೇ ನಿಲ್ಲಬೇಕು. ಅಂತಹ ಹೊತ್ತಿನಲ್ಲಿ ನೀವು ಹತ್ತಿರವಿದ್ದರೆ ದೊಡ್ಡವರನ್ನು ಕೂಗಿರಿ. 108ಕ್ಕೆ ಕರೆ ಮಾಡಲು ಹೇಳಿರಿ. ಹೃದಯದ ತೊಂದರೆ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಓಟ ಆರಂಭಿಸುವ ಮೊದಲೇ ವೈದ್ಯರನ್ನು ಕೇಳಬೇಕು.

ಈ ಮಾತು ನಿಮಗೂ ಅನ್ವಯಿಸುತ್ತದೆ. ಜ್ವರ ಬಂದು ವಾರಗಟ್ಟಲೆ ಮಲಗಿದ್ದವರು ಶಾಲೆಗೆ ಬಂದ ದಿನವೇ ಓಟದ ಪಂದ್ಯಕ್ಕೆ ಇಳಿಯಬಾರದು. ಮೊದಲು ನಡೆಯಿರಿ. ಆಮೇಲೆ ಮೆಲ್ಲಗೆ ಓಡಿರಿ. ನಿಮ್ಮ ಶಿಕ್ಷಕರಿಗೂ ತಿಳಿಸಿರಿ.

ಎಂಬತ್ತು ದಾಟಿದ ಮೇಲೆ ಮರಳಿದ ಓಟಗಾರ

ಬಹಳ ವರ್ಷಗಳ ನಂತರ ಓಟಕ್ಕೆ ಮರಳಲು ಸಾಧ್ಯವೇ ಎಂದು ನೀವು ಕೇಳಬಹುದು. ಪಂಜಾಬಿನ ಫೌಜಾ ಸಿಂಗ್ ಅವರ ಬದುಕು ಇದಕ್ಕೆ ಉತ್ತರ. ಅವರು ಜಲಂಧರದ ಬಳಿಯ ಹಳ್ಳಿಯ ರೈತರು. ಅವರ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ವರ್ಷ 1911 ಎಂದಿತ್ತು. ಚಿಕ್ಕಂದಿನಲ್ಲಿ ಅವರ ಕಾಲುಗಳು ಬಹಳ ದುರ್ಬಲವಾಗಿದ್ದವು. ಐದು ವರ್ಷದವರೆಗೆ ಅವರು ನಡೆಯಲಿಲ್ಲ. ಯೌವನದಲ್ಲಿ ಓಟ ಅವರಿಗೆ ಇಷ್ಟವಾಗಿತ್ತು. 1947ರ ದೇಶವಿಭಜನೆಯ ಕಾಲದಲ್ಲಿ ಓಟ ನಿಂತುಹೋಯಿತು. ಮುಂದೆ ಪತ್ನಿಯನ್ನೂ ಒಬ್ಬ ಮಗನನ್ನೂ ಕಳೆದುಕೊಂಡರು. ಆ ದುಃಖದಲ್ಲಿ, ಎಂಬತ್ತು ದಾಟಿದ ಮೇಲೆ, ಮತ್ತೆ ಓಡತೊಡಗಿದರು. 2000ದಲ್ಲಿ ಲಂಡನ್ ನಗರದ ಮ್ಯಾರಥಾನ್ ಓಟವನ್ನು ಮುಗಿಸಿದರು. ಮ್ಯಾರಥಾನ್ ಎಂದರೆ 42 ಕಿಲೋಮೀಟರಿಗಿಂತ ಹೆಚ್ಚು ದೂರ. ಆಗ ಅವರಿಗೆ 89 ವರ್ಷ. ಅದನ್ನು ಮುಗಿಸಲು ಸುಮಾರು ಏಳು ಗಂಟೆ ಹಿಡಿಯಿತು. 2011ರಲ್ಲಿ, ನೂರು ತುಂಬಿದಾಗ, ಕೆನಡಾದ ಟೊರಾಂಟೋದಲ್ಲಿಯೂ ಮ್ಯಾರಥಾನ್ ಮುಗಿಸಿದರು. ಜನನ ಪ್ರಮಾಣಪತ್ರ ಇರಲಿಲ್ಲವಾದ್ದರಿಂದ ಗಿನ್ನೆಸ್ ಪುಸ್ತಕ ಅದನ್ನು ದಾಖಲೆಯೆಂದು ಒಪ್ಪಲಿಲ್ಲ. ಅವರು ಓಡಿದ್ದನ್ನು ಮಾತ್ರ ಲೋಕವೇ ಕಂಡಿತು. 2025ರಲ್ಲಿ ಅವರು ತೀರಿಕೊಂಡರು.

ಎಲ್ಲರೂ ಮ್ಯಾರಥಾನ್ ಓಡಬೇಕಾಗಿಲ್ಲ. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವಂತಹ ಚಟುವಟಿಕೆ ಮಾಡಬೇಕು, ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಆಡಿ ಓಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅದಕ್ಕೆ ಊರಿನ ಮೈದಾನವೇ ಸಾಕು.

ಮಾಡಿ ನೋಡಿರಿ

ನಿಮ್ಮ ಮನೆಯಲ್ಲಿ ಶಾಲೆಯ ದಿನಗಳಲ್ಲಿ ಓಡುತ್ತಿದ್ದವರು ಯಾರು ಎಂದು ಕೇಳಿರಿ. ಅವ್ವನನ್ನೂ ಅಜ್ಜಿಯನ್ನೂ ಕೇಳಲು ಮರೆಯಬೇಡಿರಿ. ಅವರಿಗೆ ಮತ್ತೆ ಓಡುವ ಆಸೆಯಿದ್ದರೆ ನೀವು ಜೊತೆಗಾರರಾಗಿರಿ. ಮೇಲಿನ ಮಾದರಿಯಲ್ಲಿ ಪ್ರತಿ ಹಂತಕ್ಕೂ ಒಟ್ಟು ಎಷ್ಟು ನಿಮಿಷ ಓಟವಾಗುತ್ತದೆ ಎಂದು ಗುಣಿಸಿ ನೋಟುಪುಸ್ತಕದಲ್ಲಿ ಬರೆಯಿರಿ. 6, 10, 15 ಎಂದು ಸಂಖ್ಯೆ ಹೇಗೆ ಏರುತ್ತದೆ ಗಮನಿಸಿರಿ. ಅವರು ಅವಸರ ಮಾಡಿದರೆ ಆ ಪುಟವನ್ನು ತೋರಿಸಿ, ‘ತೊಗರಿ ಇನ್ನೂ ಬಲಿತಿಲ್ಲ’ ಎಂದು ಹೇಳಿರಿ.