ಡೇರೆಯಿಂದ ತೋಟಕ್ಕೆ, ತೋಟದಿಂದ ಬಾನಿಗೆ

ಮಕ್ಕಳೇ, ಯುದ್ಧ ಮುಗಿಸಿ ಬಂದ ಯೋಧ ಮುಂದೇನು ಮಾಡುತ್ತಾನೆ? ಉತ್ತರ ನಮ್ಮ ತಿಪಟೂರಿಗೆ ನೆರೆಯ ಅರಸೀಕೆರೆ ತಾಲ್ಲೂಕಿನಲ್ಲೇ ಇದೆ.

ಗೊರೂರಿನ ಮೇಷ್ಟರ ಮಗ ಜಿ. ಆರ್. ಗೋಪಿನಾಥ್ ಹುಟ್ಟಿದ್ದು 1951ರಲ್ಲಿ. ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿ ಸೇನೆ ಸೇರಿದರು. 1971ರ ಬಾಂಗ್ಲಾ ಯುದ್ಧದಲ್ಲಿ ಹೋರಾಡಿದರು. ಕ್ಯಾಪ್ಟನ್ ಹುದ್ದೆ ಬಿಟ್ಟು ಬಂದಾಗ ಕುಟುಂಬದ ಜಮೀನು ಹೇಮಾವತಿ ಅಣೆಕಟ್ಟೆಯ ಪಾಲಾಗಿತ್ತು. ಬದಲಿಗೆ ಸಿಕ್ಕಿದ್ದು ಜಾವಗಲ್ ಬಳಿಯ ಬರಡು ನೆಲ. ಅಲ್ಲೇ ಡೇರೆ ಹಾಕಿ ತೆಂಗು ಬೆಳೆಸಿದರು.

ಬ್ಯಾಂಕ್ ಗುಮಾಸ್ತನಾಗಿದ್ದ ನಾನು ಗೊಬ್ಬರ, ಔಷಧಿಯ ಖರ್ಚಿಗೇ ಸಾಲ ಬೆಳೆದ ರೈತರನ್ನು ಕಂಡಿದ್ದೇನೆ. ಗೋಪಿನಾಥ್ ಸಹಜ ಕೃಷಿಗೆ ಹೊರಳಿದರು. ಉದುರಿದ ಗರಿ ಬುಡದಲ್ಲೇ ಕೊಳೆತರೆ ತೇವ ಉಳಿಯುತ್ತದೆ, ಎರೆಹುಳು ಬರುತ್ತದೆ, ಖರ್ಚು ಇಳಿಯುತ್ತದೆ. ಪರಿಸರಸ್ನೇಹಿ ರೇಷ್ಮೆ ಕೃಷಿಗಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು.

1997ರಲ್ಲಿ ಹೆಲಿಕಾಪ್ಟರ್ ಕಂಪನಿ, 2003ರಲ್ಲಿ ಏರ್ ಡೆಕ್ಕನ್! ಅಗ್ಗದ ಟಿಕೆಟ್ಟಿನಿಂದ ಸಾಮಾನ್ಯರೂ ವಿಮಾನ ಹತ್ತಿದರು. ಕೆಲವೇ ವರ್ಷದಲ್ಲಿ ಆ ಸಂಸ್ಥೆ ಕೈಬದಲಾಯಿತು. ಹತ್ತಿದವರ ನೆನಪು ಹಾಗೇ ಉಳಿಯಿತು.

ಮುಂದಿನ ಸಲ ತೋಟದಲ್ಲಿ ಗರಿಗೆ ಬೆಂಕಿ ಹಚ್ಚಲು ಹೊರಟವರಿಗೆ ನೀವೇ ಹೇಳಿ: "ತಾತ, ಅದು ಬುಡದಲ್ಲೇ ಇರಲಿ."