ಕಡಿಮೆ ಖರ್ಚಿನಲ್ಲಿ ಪೌಷ್ಟಿಕ ಊಟ: ದಿನಸಿ ಚೀಟಿಯಲ್ಲೇ ಇದೆ ಉತ್ತರ

ಬೆಂಗಳೂರು: ಪೌಷ್ಟಿಕ ಆಹಾರವೆಂದರೆ ದುಬಾರಿ ಆಹಾರ ಎಂಬ ನಂಬಿಕೆ ನಗರವಾಸಿಗಳಲ್ಲಿ ಬಲವಾಗಿದೆ. ಜಯನಗರ, ಜೆ.ಪಿ. ನಗರದ ದೊಡ್ಡ ಮಳಿಗೆಗಳಲ್ಲಿ ಓಟ್ಸ್, ಬಾದಾಮಿ, ಪ್ರೋಟೀನ್ ಪುಡಿ, ವಿದೇಶಿ ಹಣ್ಣುಗಳ ಸಾಲು ಕಂಡವರಿಗೆ ಹಾಗೆನ್ನಿಸುವುದು ಸಹಜ. ತಿಂಗಳ ಕೊನೆಯಲ್ಲಿ ಕೈ ಬಿಗಿಯಾದಾಗ ಬನಶಂಕರಿಯ ಬಾಡಿಗೆ ಮನೆಯ ಸಂಸಾರವಾಗಲಿ, ಬಿಟಿಎಂ ಲೇಔಟ್‌ನ ಪಿ.ಜಿ.ಯಲ್ಲಿರುವ ಯುವಕನಾಗಲಿ ಮೊದಲು ಕಡಿತಗೊಳಿಸುವುದು ಬೇಳೆ, ಸೊಪ್ಪು, ಹಣ್ಣುಗಳನ್ನು. ಅನ್ನದ ಪ್ರಮಾಣ ಮಾತ್ರ ಏರುತ್ತದೆ. ಹೊಟ್ಟೆ ತುಂಬುತ್ತದೆ; ದೇಹಕ್ಕೆ ಬೇಕಾದದ್ದು ಸಿಗುವುದಿಲ್ಲ.

ಇದರ ಪರಿಣಾಮ ಸಣ್ಣದಲ್ಲ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ರಕ್ತಹೀನತೆಗೆ ಕಾರಣಗಳು ಹಲವು. ಆದರೆ ತಟ್ಟೆಯಲ್ಲಿ ಕಬ್ಬಿಣಾಂಶ ಮತ್ತು ಪ್ರೋಟೀನಿನ ಕೊರತೆ ಅವುಗಳಲ್ಲಿ ಪ್ರಮುಖವಾದುದು.

ಎಷ್ಟು ಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪರಿಷ್ಕೃತ ಆಹಾರ ಮಾರ್ಗಸೂಚಿಯನ್ನು ಪ್ರಕಟಿಸಿತು. ದಿನಕ್ಕೆ 2,000 ಕಿಲೋ ಕ್ಯಾಲರಿ ಅಗತ್ಯವಿರುವ ವ್ಯಕ್ತಿಗೆ ಅದು ಸೂಚಿಸುವ ಪ್ರಮಾಣ ಹೀಗಿದೆ: ಧಾನ್ಯ 250 ಗ್ರಾಂ, ಬೇಳೆಕಾಳು (ಮೊಟ್ಟೆ, ಮಾಂಸ ಸೇರಿ) 85 ಗ್ರಾಂ, ಸೊಪ್ಪು-ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿ.ಲೀ. ಇವುಗಳೊಂದಿಗೆ ಸ್ವಲ್ಪ ಎಣ್ಣೆ ಹಾಗೂ ಕಡಲೆಕಾಯಿ, ಎಳ್ಳಿನಂಥ ಬೀಜಗಳು.

ನಾಲ್ವರು ವಯಸ್ಕರಿರುವ ಸಸ್ಯಾಹಾರಿ ಮನೆಗೆ ಇದನ್ನು ಅನ್ವಯಿಸಿದರೆ ತಿಂಗಳಿಗೆ 30 ಕೆ.ಜಿ. ಧಾನ್ಯ, ಸುಮಾರು 10 ಕೆ.ಜಿ. ಬೇಳೆಕಾಳು ಬೇಕು. ಅಂದರೆ ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆ. ನಮ್ಮ ಮನೆಗಳ ದಿನಸಿ ಚೀಟಿ ತೆಗೆದು ನೋಡಿದರೆ ಎಷ್ಟರಲ್ಲಿ ಈ ಲೆಕ್ಕ ಸರಿಹೊಂದೀತು?

ಹಣ ಹೋಗುವುದೆಲ್ಲಿಗೆ?

ಬೇಳೆಯ ದರ ಏರಿದೆ ಎಂಬ ದೂರು ಸುಳ್ಳಲ್ಲ. ಆದರೆ ಕೇಂದ್ರ ಸರ್ಕಾರದ 2022–23ರ ಗೃಹಬಳಕೆ ವೆಚ್ಚ ಸಮೀಕ್ಷೆ ಇನ್ನೊಂದು ಮುಖವನ್ನು ತೋರಿಸುತ್ತದೆ. ದೇಶದ ನಗರ ಕುಟುಂಬಗಳ ಒಟ್ಟು ಖರ್ಚಿನಲ್ಲಿ ಪಾನೀಯ, ತಿಂಡಿ ಹಾಗೂ ಸಂಸ್ಕರಿಸಿದ ಆಹಾರದ ಪಾಲು ಶೇ 10ಕ್ಕಿಂತ ಹೆಚ್ಚು. ಬೇಳೆಕಾಳಿನ ಪಾಲು ಶೇ 2ಕ್ಕೂ ಕಡಿಮೆ. ಬಿಸ್ಕತ್ತು, ಚಿಪ್ಸ್, ತಂಪು ಪಾನೀಯಗಳಿಗೆ ಹೋಗುವ ಹಣದ ಒಂದು ಭಾಗವನ್ನು ಬೇಳೆ, ಸೊಪ್ಪಿನತ್ತ ತಿರುಗಿಸಿದರೆ ಒಟ್ಟು ಖರ್ಚು ಹೆಚ್ಚಿಸದೆಯೇ ಊಟ ಸುಧಾರಿಸುತ್ತದೆ.

ಇಡ್ಲಿ ಹೇಳುವ ಪಾಠ

ಮೂರಕ್ಕೆ ಒಂದು ಎಂಬ ಈ ಲೆಕ್ಕ ನಮಗೆ ಹೊಸದಲ್ಲ. ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ ನೆನೆಹಾಕಿ ರುಬ್ಬುವುದು ಅನೇಕ ಮನೆಗಳ ಪದ್ಧತಿ. ಅಕ್ಕಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಯಲ್ಲಿ ಮೆಥಿಯೋನಿನ್ ಕಡಿಮೆ. ಎರಡೂ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ನೀಗುತ್ತದೆ. ಆದ್ದರಿಂದಲೇ ಸಾಂಬಾರಿನೊಂದಿಗೆ ತಿನ್ನುವ ಇಡ್ಲಿ, ಬೇಳೆ ಧಾರಾಳವಾಗಿರುವ ಬಿಸಿಬೇಳೆಬಾತ್ ಉತ್ತಮ ಆಹಾರ. ಬರಿಯ ಚಿತ್ರಾನ್ನ, ಪುಳಿಯೋಗರೆಯಲ್ಲಿ ಈ ಸಮತೋಲನವಿಲ್ಲ. ಹೆಸರುಬೇಳೆ ಕೋಸಂಬರಿ ಜೊತೆಗಿದ್ದರೆ ಆ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ಅದಕ್ಕೆ ಒಲೆಯೂ ಬೇಕಿಲ್ಲ.

ಅಕ್ಕಿಯ ಒಂದು ಹೊತ್ತನ್ನು ರಾಗಿಗೆ ಬಿಟ್ಟುಕೊಡುವುದು ಇನ್ನೊಂದು ದಾರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ; ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ತೀರಾ ಅಲ್ಪ. ರಾಗಿಯಲ್ಲಿ ನಾರಿನಂಶವೂ ಹೆಚ್ಚು.

ಮುದ್ದೆಯ ಜೊತೆಗಾರ ಬಸ್ಸಾರು ಮಿತವ್ಯಯಕ್ಕೆ ಒಳ್ಳೆಯ ಉದಾಹರಣೆ. ಕಾಳು ಮತ್ತು ಸೊಪ್ಪು ಒಟ್ಟಿಗೆ ಬೇಯಿಸಿ, ಬಸಿದ ನೀರಿನಿಂದ ಸಾರು, ಉಳಿದದ್ದರಿಂದ ಪಲ್ಯ ಮಾಡುವ ಈ ಕ್ರಮದಲ್ಲಿ ನೀರಿಗೆ ಇಳಿದ ಸತ್ವ ಚರಂಡಿ ಸೇರುವುದಿಲ್ಲ. ದಂಟು, ನುಗ್ಗೆ, ಮೆಂತ್ಯ, ಯಾವ ಸೊಪ್ಪು ಅಗ್ಗವೋ ಅದೇ ಆಗುತ್ತದೆ. ಮೇಲೆ ನಿಂಬೆರಸ ಹಿಂಡಿದರೆ ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಈ ಲಾಭ ಕುಗ್ಗುತ್ತದೆ. ಒಂದು ಗಂಟೆ ತಡೆದರೆ ಒಳ್ಳೆಯದು.

ಕೊಳ್ಳುವಾಗ ಋತುವನ್ನು ಗಮನಿಸುವುದೂ ಅಗತ್ಯ. ಚಳಿಗಾಲದಲ್ಲಿ ಹೇರಳವಾಗಿ ಬರುವ ಅವರೆಕಾಯಿ ತರಕಾರಿಯ ಸ್ಥಾನವನ್ನೂ ಬೇಳೆಯ ಸ್ಥಾನವನ್ನೂ ತುಂಬಬಲ್ಲದು. ಜಯನಗರ 4ನೇ ಬ್ಲಾಕ್‌ನ ಮಾರುಕಟ್ಟೆ, ಬಡಾವಣೆಯ ಹಾಪ್‌ಕಾಮ್ಸ್ ಮಳಿಗೆ, ತಳ್ಳುಗಾಡಿಗಳ ದರವನ್ನು ಹೋಲಿಸಿ ಕೊಳ್ಳುವುದು ಲಾಭದಾಯಕ.

ಒಲೆ ಇಲ್ಲದವರಿಗೆ

ಪಿ.ಜಿ.ಗಳಲ್ಲಿರುವವರಿಗೆ ಅಡುಗೆಯ ಆಯ್ಕೆ ಅವರ ಕೈಯಲ್ಲಿಲ್ಲ. ಅವರು ಕೊಟ್ಟ ಊಟಕ್ಕೆ ಪೂರಕವನ್ನು ತಾವೇ ಸೇರಿಸಿಕೊಳ್ಳಬಹುದು. ನೆನೆಸಿ ಮೊಳಕೆ ಬರಿಸಿದ ಹೆಸರುಕಾಳು, ಹುರಿಗಡಲೆ, ಕಡಲೆಕಾಯಿ, ಮೊಸರು, ಬಾಳೆಹಣ್ಣು ಇವಕ್ಕೆ ಒಲೆ ಬೇಡ. ಮೊಟ್ಟೆ ತಿನ್ನುವವರಿಗೆ ಬೇಯಿಸಿದ ಒಂದು ಮೊಟ್ಟೆಯಿಂದ ಸುಮಾರು 6 ಗ್ರಾಂ ಪ್ರೋಟೀನ್ ದೊರೆಯುತ್ತದೆ.

ಹೊರಗೆ ಉಣ್ಣುವವರಿಗೂ ಈ ಭಾಗದಲ್ಲಿ ಅನುಕೂಲವಿದೆ. 2017ರ ಆಗಸ್ಟ್ 16ರಂದು ಇಂದಿರಾ ಕ್ಯಾಂಟೀನ್ ಯೋಜನೆ ಉದ್ಘಾಟನೆಯಾದದ್ದು ಜಯನಗರದ ಕನಕನಪಾಳ್ಯದಲ್ಲಿಯೇ. ಅಂದು ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ನಿಗದಿಯಾಗಿತ್ತು. ದರ್ಶಿನಿಗಳಲ್ಲಿ ತಿನ್ನುವವರು ಪೂರಿ, ವಡೆಗಳ ಬದಲು ಇಡ್ಲಿ-ಸಾಂಬಾರ್ ಕೇಳಿದರೂ ಸಾಕು.

ಮಧುಮೇಹ, ಮೂತ್ರಪಿಂಡದ ತೊಂದರೆ ಇರುವವರು ಆಹಾರ ಬದಲಿಸುವ ಮುನ್ನ ವೈದ್ಯರನ್ನು ಕೇಳಬೇಕು. ಉಳಿದವರು ಮುಂದಿನ ತಿಂಗಳ ದಿನಸಿ ಚೀಟಿ ಬರೆಯುವಾಗ ಅಕ್ಕಿಯ ಸಾಲಿನಲ್ಲಿ ಐದು ಕೆ.ಜಿ. ಕಡಿಮೆ ಮಾಡಿ ಅದರ ಜಾಗದಲ್ಲಿ ರಾಗಿಯನ್ನೂ, ಬಿಸ್ಕತ್ತಿನ ಸಾಲು ಅಳಿಸಿ ಹೆಸರುಕಾಳು, ಹುರುಳಿಯನ್ನೂ ಬರೆಯಲಿ. ಬದಲಾವಣೆ ಅಲ್ಲಿಂದಲೇ ಆರಂಭವಾಗುತ್ತದೆ.