ನಿಮಗಿದು ಗೊತ್ತೆ? ಮೊಲ ಮೈಯ ಕಾವನ್ನು ಕಿವಿಯಿಂದ ಹೊರಹಾಕುತ್ತದೆ
ಮೊಲಕ್ಕೆ ಮನುಷ್ಯರಂತೆ ಬೆವರಿ ತಂಪಾಗಲು ಬಾರದು, ಏದುಸಿರಿನಿಂದ ಕಾವು ಕಳೆಯುವ ಶಕ್ತಿಯೂ ಅತ್ಯಲ್ಪ. ಆದ್ದರಿಂದ ಅದು ತನ್ನ ತೆಳುವಾದ ಅಗಲ ಕಿವಿಗಳ ರಕ್ತನಾಳಗಳನ್ನು ಹಿಗ್ಗಿಸಿಕೊಂಡು, ಅಲ್ಲಿ ಹರಿಯುವ ರಕ್ತದ ಶಾಖವನ್ನು ಸುತ್ತಲಿನ ಗಾಳಿಗೆ ಬಿಟ್ಟುಕೊಡುತ್ತದೆ. ಗಾಳಿಯೇ ಮೈಯಷ್ಟು ಬಿಸಿಯಾದಾಗ ಈ ಏರ್ಪಾಡು ಸೋಲುವುದರಿಂದ, ಬೇಸಿಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ಬರಿಯ ಫ್ಯಾನ್ ಸಾಲದು; ನೆರಳು, ಸದಾ ತಣ್ಣೀರು, ಮಲಗಲು ತಂಪಾದ ಕಲ್ಲುಚಪ್ಪಡಿ, ಒರಗಲು ಬಟ್ಟೆ ಸುತ್ತಿದ ಮಂಜುಗಡ್ಡೆಯ ಬಾಟಲಿ ಬೇಕು, ಕಿವಿಗಳನ್ನು ಒದ್ದೆ ಬಟ್ಟೆಯಿಂದ ಆಗಾಗ ಒರೆಸಲೂ ಬೇಕು.

ಸೆಕೆಯೆಂದು ಮೊಲವನ್ನು ನೀರಿನಲ್ಲಿ ಮುಳುಗಿಸಿ ಮೀಯಿಸುವುದು ಮಾತ್ರ ಅಕ್ಕರೆಯಿಂದಲೇ ಒದಗುವ ಅಪಾಯ: ಬೆದರಿ ಒದೆಯುವಾಗ ಅದರ ಬೆನ್ನುಮೂಳೆಯೇ ಮುರಿಯಬಹುದು, ದಟ್ಟ ತುಪ್ಪಳವೂ ಬೇಗ ಆರದು. ಆರೋಗ್ಯವಂತ ಮೊಲ ತನ್ನ ಮೈಯನ್ನು ತಾನೇ ನೆಕ್ಕಿ ಶುಚಿಯಾಗಿಡುತ್ತದೆ. ಆದರೆ ಬೊಜ್ಜು, ಸಂಧಿನೋವು ಅಥವಾ ಭೇದಿಯಿಂದ ಹಿಂಬದಿಗೆ ಮೂತ್ರ, ಹಿಕ್ಕೆ ಮೆತ್ತಿಕೊಂಡರೆ ಅಲ್ಲಿ ನೊಣಗಳು ಮೊಟ್ಟೆಯಿಡುತ್ತವೆ. ಒಂದು ದಿನದೊಳಗೇ ಹೊರಬರಬಹುದಾದ ಹುಳುಗಳು ಜೀವಂತ ಮಾಂಸವನ್ನು ತಿನ್ನತೊಡಗುತ್ತವೆ. ಪಶುವೈದ್ಯರು ‘ಮಯಾಸಿಸ್’ ಎನ್ನುವ ಈ ಬಾಧೆ ಪ್ರಾಣಕ್ಕೇ ಎರವಾಗುವುದರಿಂದ, ಬೇಸಿಗೆಯಲ್ಲಿ ದಿನಕ್ಕೆರಡು ಬಾರಿ ಬಾಲದ ಸುತ್ತ ಪರೀಕ್ಷಿಸಿ, ಕೊಳೆಯಾದ ಭಾಗವನ್ನಷ್ಟೇ ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಪೂರ್ತಿ ಒಣಗಿಸಬೇಕು.